ಏಳು ಪಾತ್ರೆ, ಆರು ಹೆಸರು

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು ‘ಹಳೇಮನೆ ಬಳಗ’. ಅಡ್ಮಿನ್ ನಾನೇ. ಬೆಳಿಗ್ಗೆ ಹೂವಿನ ಚಿತ್ರ, ರಾತ್ರಿ ಮಂಡಿನೋವಿಗೆ ಮನೆಮದ್ದು. ಅದರ ವಹಿವಾಟು ಇಷ್ಟೇ. ಕಳೆದ ಭಾನುವಾರ ಮಾತ್ರ ಒಂದು ಫೋಟೋ ಬಂದು ರಾತ್ರಿ ಹನ್ನೊಂದರವರೆಗೆ ಜಗಳ ನಡೆಯಿತು. ಹೆಸರು ಬದಲಿಸಿ ಇಲ್ಲಿ ಹಾಕುತ್ತಿದ್ದೇನೆ. ಶುಭಾ, ಸುಮಾ ಇಬ್ಬರೂ ಹಾಕು ಅಂದರು. ದೊಡ್ಡಪ್ಪನನ್ನು ಕೇಳಲು ಧೈರ್ಯ ಬರಲಿಲ್ಲ.

ಶುಭಾ ನನ್ನ ಚಿಕ್ಕಪ್ಪನ ಮಗಳು. ಮಕ್ಕಳ ಡಾಕ್ಟರು. ಹದಿನೈದು ದಿನದ ಹಿಂದೆ ಗಂಡ, ಮಗಳ ಜೊತೆ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ಲೀವ್‌ಲ್ಯಾಂಡ್‌ಗೆ ಹೋಗಿದ್ದಾಳೆ. ಎಲ್ಲರಿಗೂ ಗೊತ್ತಿರುವ ಓಹಾಯೋದ ಕ್ಲೀವ್‌ಲ್ಯಾಂಡ್ ಅಲ್ಲ. ಇದು ಸುಮಾರು 11,000 ಜನರ ಊರು. ಸುತ್ತ ಹತ್ತಿ, ಸೋಯಾ, ಭತ್ತ. ನೆಲ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ ಅಂತೆ.

ಫೋಟೋದಲ್ಲಿ ಅವಳ ಅಡುಗೆಮನೆ ಕಟ್ಟೆ. ಅದರ ಮೇಲೆ ಸಾಲಾಗಿ ಏಳು ಟ್ರೇ. ಒಂದನ್ನು ಬೋರಲು ಹಾಕಿ ತಳ ತೋರಿಸಿದ್ದಾಳೆ. ತಳಕ್ಕೆ ಟೇಪ್ ಅಂಟಿಸಿ ಪೆನ್ನಿನಲ್ಲಿ ಯಾರದೋ ಹೆಸರು ಬರೆದಿದೆ.

ಶುಭಾ: ನೋಡಿ ಎಲ್ಲರೂ. ಸಾಮಾನು ಇನ್ನೂ ಡಬ್ಬದಲ್ಲೇ ಇದೆ. ಅಷ್ಟರಲ್ಲಿ ಏಳು ಮನೆಯಿಂದ ಊಟ ಬಂದಿದೆ. ಹೊಸಬರು ಬಂದರೆ ಹೀಗೆ ಮಾಡುವುದು ಇಲ್ಲಿನ ರೂಢಿ. ಟ್ರೇ ವಾಪಸ್ ಬರಲಿ ಅಂತ ಹೆಸರು ಅಂಟಿಸುತ್ತಾರೆ.

ರುಕ್ಕು ಅತ್ತೆ: ಅಯ್ಯೋ, ನಾವು ಸ್ಟೀಲ್ ಪಾತ್ರೆಗೆ ಹೆಸರು ಕೊರೆಸಿದ ಹಾಗೆ! ನನ್ನ ತಪ್ಪಲೆ ಮೇಲೆ ಈಗಲೂ ‘ರುಕ್ಮಿಣಿ 1974’ ಅಂತ ಇದೆ.

ದೊಡ್ಡಪ್ಪ: ಬಹಳ ಸಂತೋಷ. ನಮ್ಮ ಬೆಂಗಳೂರಿನವರು ನೋಡಿ ಕಲಿಯಬೇಕು. ಎದುರು ಮನೆಯಲ್ಲಿ ಹೆಣ ಬಿದ್ದರೂ ಲಿಫ್ಟಿನಲ್ಲಿ ಮೊಬೈಲ್ ನೋಡುತ್ತಾ ಹೋಗುತ್ತಾರೆ. ಸಣ್ಣ ಊರಿನ ಗುಣವೇ ಬೇರೆ. ನಮ್ಮೂರಾದರೂ ಅಷ್ಟೇ, ಮಿಸಿಸಿಪ್ಪಿಯಾದರೂ ಅಷ್ಟೇ.

ನಿಖಿಲ (ಶುಭಾಳ ತಮ್ಮ, ಅಟ್ಲಾಂಟಾ): ದೊಡ್ಡಪ್ಪ, ಅಕ್ಕ ಡಾಕ್ಟರು. ಅದಕ್ಕೆ ಏಳು ಟ್ರೇ. ನಾನು ಇಲ್ಲಿಗೆ ಬಂದಾಗ ಪಕ್ಕದವನು ಕಸದ ಡಬ್ಬ ಎಲ್ಲಿಡಬೇಕು ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದ. ನನಗೆ ಸಿಕ್ಕ ಸ್ವಾಗತ ಅಷ್ಟೇ.

ಶುಭಾ: ಅಟ್ಲಾಂಟಾನೂ ಬೆಂಗಳೂರೇ ಕಣೋ. ಇಲ್ಲಿ ಎದುರು ಬರುವ ಪ್ರತಿ ಗಾಡಿಯವರೂ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಾರೆ. ಮೊದಲ ದಿನ ನನ್ನ ಟೈರ್ ಪಂಚರ್ ಆಗಿದೆ ಅಂತ ತೋರಿಸುತ್ತಿದ್ದಾರೆ ಅಂದುಕೊಂಡು ಇಳಿದು ನೋಡಿದೆ 😄

ನಿಖಿಲ: ಆದರೂ ನೀನು ಊರು ಇಷ್ಟಪಟ್ಟು ಹೋದವಳಲ್ಲ. ಅದನ್ನೂ ಹೇಳು. ಓದಲು ಬಂದ ಹೊರದೇಶದ ಡಾಕ್ಟರು ಓದು ಮುಗಿದ ಮೇಲೆ ಎರಡು ವರ್ಷ ಸ್ವಂತ ದೇಶಕ್ಕೆ ಹೋಗಬೇಕು. ಡಾಕ್ಟರು ಸಿಗದ ಊರಲ್ಲಿ ಮೂರು ವರ್ಷ ದುಡಿದರೆ ಅದು ಮಾಫಿ. 1994ರಿಂದ ಈ ನಿಯಮ ಇದೆ. ಈಗ ರಾಜ್ಯಕ್ಕೆ ವರ್ಷಕ್ಕೆ 30 ಜನ. ಅವರಿಗೆ ಡಾಕ್ಟರು ಬೇಕು, ನಿನಗೆ ವೀಸಾ ಬೇಕು.

ಶುಭಾ: ಇರಲಿ. ಬೆಂಡೆಕಾಯಿ ಹುರಿದು ತಂದ ಅಜ್ಜಿಗೆ ನನ್ನ ವೀಸಾ ವಿಷಯ ಗೊತ್ತಾ? ಮೊದಲು ಪಾಪ ಸೊಪ್ಪಿನ ಪಲ್ಯ ತಂದರು. ಆಸೆಯಿಂದ ಮುಚ್ಚಳ ತೆಗೆದರೆ ಒಳಗೆ ಹಂದಿಮಾಂಸದ ತುಂಡು. ಇಲ್ಲಿ ಸೊಪ್ಪಿಗೆ ಅದೇ ರುಚಿ. ನಾವು ತಿನ್ನುವುದಿಲ್ಲ ಅಂದಾಗ ಅವರ ಮುಖ ಸಣ್ಣದಾಯಿತು. ಸಂಜೆಗೆ ಬೆಂಡೆಕಾಯಿ, ಬೇಯಿಸಿದ ಕಡಲೆಕಾಯಿ ಹಿಡಿದುಕೊಂಡು ಮತ್ತೆ ಬಂದರು.

ರುಕ್ಕು ಅತ್ತೆ: ಬೇಯಿಸಿದ ಕಡಲೆಕಾಯಾ? ಅಲ್ಲೂ ಪರಿಷೆ ಇದೆಯಾ?

ಶುಭಾ: ರಸ್ತೆ ಬದಿಯಲ್ಲೇ ಹಂಡೆ ಇಟ್ಟು ಮಾರುತ್ತಾರೆ ಅತ್ತೆ. ಬೆಂಡೆಕಾಯಿಯ ಮಹಿಮೆ ಇನ್ನೂ ದೊಡ್ಡದು. ಇಲ್ಲಿ ಡೆಲ್ಟಾ ಸ್ಟೇಟ್ ಯೂನಿವರ್ಸಿಟಿ ಇದೆ. ಹುಡುಗರು ತಮಾಷೆಗೆ ಅದಕ್ಕೊಂದು ಗುರುತು ಮಾಡಿಕೊಂಡಿದ್ದಾರೆ: ಕೋಪದ ಮುಖದ, ಜಗಳಕ್ಕೆ ನಿಂತ ಬೆಂಡೆಕಾಯಿ. ಅಂಗಿ ಮೇಲೂ ಅದೇ.

ಚಿಕ್ಕಪ್ಪ (ಧಾರವಾಡ): ಹತ್ತಿ ಗಿಡ ಎಷ್ಟು ಎತ್ತರ ಇದೆ? ಫೋಟೋ ಕಳಿಸು.

(ಚಿಕ್ಕಪ್ಪ ಹತ್ತಿ ವಿಜ್ಞಾನಿಯಾಗಿ ರಿಟೈರ್ ಆದವರು. ಮಗಳು ಚಂದ್ರನ ಮೇಲೆ ಇಳಿದರೂ ಅಲ್ಲಿನ ಮಣ್ಣು ಎರೆಯಾ, ಕೆಂಪಾ ಎಂದೇ ಕೇಳುತ್ತಾರೆ.)

ಚಿಕ್ಕಪ್ಪ: ಧಾರವಾಡಕ್ಕೂ ಆ ಸೀಮೆಗೂ ಹಳೇ ನಂಟು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ದಕ್ಷಿಣದಿಂದ ಹತ್ತಿ ಬೆಳೆಗಾರರನ್ನೇ ಕರೆಸಿತ್ತು. ನ್ಯೂ ಆರ್ಲಿಯನ್ಸ್ ಬೀಜ ನಮ್ಮ ನೆಲಕ್ಕೆ ಒಗ್ಗಿ ‘ಧಾರವಾಡ-ಅಮೆರಿಕನ್’ ಎಂದೇ ಹೆಸರಾಯಿತು. ಅವರೂ ನಮ್ಮೂರಿಗೆ ಬಂದು ಉಂಡು ಹೋದವರೇ.

ಸುಮಾ: ಆ ಹತ್ತಿಯನ್ನು ಅಲ್ಲಿ ಯಾರು ಬಿಡಿಸುತ್ತಿದ್ದರು ಚಿಕ್ಕಪ್ಪ? ಕಪ್ಪು ಗುಲಾಮರು. ಅದನ್ನೂ ಹೇಳಿ.

(ಸುಮಾ ದೊಡ್ಡಪ್ಪನ ಮಗಳು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಾಳೆ. ಅವಳು ಗುಂಪಿಗೆ ಬಂದಳು ಅಂದರೆ ನಾನು ಫೋನ್ ಚಾರ್ಜಿಗೆ ಹಾಕುತ್ತೇನೆ.)

ದೊಡ್ಡಪ್ಪ: ಶುರುವಾಯಿತು.

ರುಕ್ಕು ಅತ್ತೆ: ಶುಭಾ, ನೀವು ಯಾರು ಏನು ಅಂತ ಅವರು ಕೇಳಲಿಲ್ವಾ?

ಶುಭಾ: ಕೇಳದೆ ಇರ್ತಾರಾ ಅತ್ತೆ? ಮೊದಲು ‘ನಿಮ್ಮ ಕಡೆಯವರು ಯಾರು’ ಅಂತಾರೆ. ಆಮೇಲೆ ‘ಯಾವ ಚರ್ಚಿಗೆ ಹೋಗುತ್ತೀರಿ’. ನಮ್ಮ ದೇವಸ್ಥಾನ ಬ್ರ್ಯಾಂಡನ್‌ನಲ್ಲಿದೆ, ಕಾರಿನಲ್ಲಿ ಎರಡು ಗಂಟೆಗೂ ಜಾಸ್ತಿ ಅಂದೆ. ‘ಅಯ್ಯೋ ಅಷ್ಟು ದೂರವೇ, ಅಲ್ಲಿಯವರೆಗೆ ನಮ್ಮ ಚರ್ಚಿಗೇ ಬನ್ನಿ’ ಅಂದರು.

ರುಕ್ಕು ಅತ್ತೆ: ನಿಮ್ಮ ಮಾವನಿಗೆ 1981ರಲ್ಲಿ ಬೀಳಗಿಗೆ ಬ್ಯಾಂಕ್ ವರ್ಗ ಆಯಿತಲ್ಲ. ಲಾರಿಯಿಂದ ಮಂಚ ಇಳಿಸುವುದರೊಳಗೆ ಪಕ್ಕದ ಮನೆಯಿಂದ ನೀರಿನ ಕೊಡ ಬಂತು. ಅದರ ಹಿಂದೆಯೇ ಪ್ರಶ್ನೆ ಬಂತು, ನೀವು ಯಾವ ಪೈಕಿ ಅಂತ. ಹೇಳಿದೆ. ಮಧ್ಯಾಹ್ನ ರೊಟ್ಟಿ, ಹಿಂಡಿ, ಕಾಳುಪಲ್ಯ ಬಂತು. ಉತ್ತರ ಬೇರೆ ಇದ್ದಿದ್ದರೆ ರೊಟ್ಟಿ ಬರುತ್ತಿತ್ತಾ ಅಂತ ಈಗಲೂ ಒಂದೊಂದು ಸಲ ಅನ್ನಿಸುತ್ತದೆ.

ದೊಡ್ಡಪ್ಪ: ಕೇಳಿದರೆ ತಪ್ಪೇನು? ಪರಿಚಯ ಬೆಳೆಯುವುದೇ ಹಾಗೆ. ಬೆಂಗಳೂರಿನಲ್ಲಿ ಯಾರೂ ಕೇಳುವುದಿಲ್ಲ. ಯಾರೂ ಮಾತೂ ಆಡಿಸುವುದಿಲ್ಲ.

ಸುಮಾ: ಶುಭಾ, ನಿಮ್ಮೂರನ್ನು ಎರಡು ಭಾಗ ಮಾಡುವ ಹಾಗೆ ರೈಲು ಹಳಿ ಇತ್ತಲ್ವಾ? ಹಳಿಯಿಂದ ಪೂರ್ವಕ್ಕೆ ಹೋಗಿದ್ದೀಯಾ?

ಶುಭಾ: ನಿನಗೆ ಹೇಗೆ ಗೊತ್ತು?

ಸುಮಾ: ನೀನು ಹೋಗುತ್ತೀಯಾ ಅಂದ ದಿನವೇ ಓದಿದೆ. ಹಳಿಯ ಪಶ್ಚಿಮಕ್ಕೆ ಬಿಳಿಯರ ಹೈಸ್ಕೂಲು, ಪೂರ್ವಕ್ಕೆ ಕಪ್ಪು ಜನರದ್ದು. ಬೇರೆ ಇಡಬಾರದು ಅಂತ 1965ರಲ್ಲಿ ಕೇಸ್ ಹಾಕಿದರು. ಎರಡನ್ನೂ ಸೇರಿಸಿ ಅಂತ ಕೋರ್ಟು ಕೊನೆಗೆ ಹೇಳಿದ್ದು 2016ರಲ್ಲಿ. ಮಕ್ಕಳು ಒಂದೇ ಹೈಸ್ಕೂಲಿಗೆ ಬಂದಿದ್ದು 2017ರಲ್ಲಿ. ಕೇಸ್ ಹಾಕಿದಾಗ ಹುಟ್ಟಿದ ಮಗುವಿಗೆ ಅಷ್ಟು ಹೊತ್ತಿಗೆ 52 ವರ್ಷ.

ನಿಖಿಲ: 2017? 1917 ಅಲ್ವಾ?

ಸುಮಾ: 2017. ನೀನು ಆಗ ಅಮೆರಿಕದಲ್ಲೇ ಇದ್ದೆ.

ಸುಮಾ: ಇನ್ನೊಂದು ಕೇಳು. ನಿಮ್ಮದೇ ಬೊಲಿವರ್ ಕೌಂಟಿ, ರೋಸ್‌ಡೇಲ್ ಅನ್ನುವ ಊರು. ಚೀನಾದಿಂದ ಬಂದು ಕಿರಾಣಿ ಅಂಗಡಿ ಇಟ್ಟವರ ಮಗಳು, ಮಾರ್ಥಾ ಲಮ್. 1924ರಲ್ಲಿ ಬಿಳಿಯರ ಸ್ಕೂಲಿನಿಂದ ಅವಳನ್ನು ಹೊರಗೆ ಕಳಿಸಿದರು. ಅಪ್ಪ ಸುಪ್ರೀಂ ಕೋರ್ಟಿಗೆ ಹೋದ. ನೀವು ಬಿಳಿಯರಲ್ಲ, ಆದ್ದರಿಂದ ಅಲ್ಲಿ ಜಾಗವಿಲ್ಲ ಎಂದು 1927ರಲ್ಲಿ ತೀರ್ಪು ಬಂತು. ಇದೇ ಅಪ್ಪನ ಅಂಗಡಿಯಿಂದ ಊರಿನವರು ಅಕ್ಕಿ, ಸಕ್ಕರೆ ತಗೊಳ್ಳುತ್ತಿದ್ದರು. ಅಂಗಡಿ ಬೇಕು, ಮಗು ಬೇಡ.

ಶುಭಾ: ಆ ಚೀನೀ ಅಂಗಡಿಯವರ ಬಗ್ಗೆ ಇಲ್ಲಿ ಯೂನಿವರ್ಸಿಟಿಯಲ್ಲಿ ಮ್ಯೂಸಿಯಮ್ಮೇ ಇದೆ. ನಾನಿನ್ನೂ ನೋಡಿಲ್ಲ.

ದೊಡ್ಡಪ್ಪ: ನೂರು ವರ್ಷದ ಹಳೇ ಕತೆ ಈಗ ಯಾಕೆ? ಹುಡುಗಿ ಹೊಸ ಊರಿಗೆ ಹೋಗಿದ್ದಾಳೆ. ಜನ ಬಾಯಿ ತುಂಬಾ ಮಾತಾಡಿಸುತ್ತಿದ್ದಾರೆ. ಅವಳಿಗೆ ಹೆದರಿಕೆ ಹುಟ್ಟಿಸಬೇಡ. ಉಂಡ ಮನೆಯ ಜಂತೆ ಎಣಿಸಬಾರದು.

ಸುಮಾ: ಜಂತೆ ಎಣಿಸುತ್ತಿಲ್ಲ ಅಪ್ಪ. ಒಳಗೆ ಕರೆಸಿಕೊಂಡವರಿಗೆ ಹೊರಗೆ ನಿಂತವರು ಕಾಣುವುದಿಲ್ಲ. ಸಣ್ಣ ಊರಿನ ಗುಣ ಅಂದಿರಲ್ಲ, ಅದಕ್ಕೆ ಹೇಳಿದೆ.

ಇಲ್ಲಿ ಒಂದು ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಚಿಕ್ಕಪ್ಪ ಮಾತ್ರ ಒಂದು ಹತ್ತಿ ಹೂವಿನ ಚಿತ್ರ ಹಾಕಿದರು. ಆಮೇಲೆ ಶುಭಾ ಬರೆದಳು. ಅವಳು ಅಷ್ಟು ಉದ್ದ ಬರೆದಿದ್ದು ಅದೇ ಮೊದಲು.

ಶುಭಾ: ಫೋಟೋದಲ್ಲಿ ಕೊನೆಯ ಟ್ರೇ ನೋಡಿ. ಬಿಳಿ ಪಿಂಗಾಣಿ, ಅಂಚು ಸವೆದಿದೆ. ಅದರ ತಳದಲ್ಲಿ ಮಾತ್ರ ಹೆಸರಿಲ್ಲ. ಗೆಣಸಿನ ಸಿಹಿ ಕಡುಬಿನಂಥದ್ದು, ಪೈ ಅಂತಾರೆ. ಏಳರಲ್ಲಿ ಅದೇ ಜಾಸ್ತಿ ರುಚಿ. ಮಗಳು ಅರ್ಧ ಅವಳೊಬ್ಬಳೇ ತಿಂದಳು. ಬಾಗಿಲ ಹತ್ತಿರ ಇಟ್ಟು ಹೋಗಿದ್ದರು, ಬೆಲ್ ಮಾಡಿರಲಿಲ್ಲ. ನಾನು ಕೆಲಸ ಮಾಡುವ ಜಾಗದಲ್ಲಿ ನೆಲ ಒರೆಸುವ ಹೆಂಗಸು ಇಟ್ಟಿದ್ದು ಅಂತ ಆಮೇಲೆ ಗೊತ್ತಾಯಿತು. ಅವರ ಮನೆ ಪೂರ್ವದ ಕಡೆಗೇ. ಟ್ರೇ ಕೊಡಲು ದಾರಿ ಹೇಗೆ ಅಂತ ಬೆಂಡೆಕಾಯಿ ಅಜ್ಜಿಯನ್ನು ಕೇಳಿದೆ. ‘ಅಲ್ಲಿಗೆಲ್ಲ ಹೋಗುವುದೇನೂ ಬೇಡ ಕಂದ, ಕೆಲಸದ ಜಾಗದಲ್ಲೇ ಕೊಟ್ಟುಬಿಡು’ ಅಂದರು. ಕಡಲೆಕಾಯಿ ತಿನ್ನು ಅಂದರಲ್ಲ, ಅದೇ ದನಿಯಲ್ಲಿ. ಅಷ್ಟೇ ಪ್ರೀತಿಯಿಂದ.

ದೊಡ್ಡಪ್ಪ: ಊರು ಬಲ್ಲವರು ಹೇಳಿದ್ದಾರೆ. ಹಿರಿಯರ ಮಾತು ಕೇಳು. ಯಾವ ಜಾಗ ಹೇಗಿದೆಯೋ. ಎಲ್ಲಿ ಕೊಟ್ಟರೇನು, ಪಾತ್ರೆ ತಲುಪಿದರೆ ಸರಿ.

ಸುಮಾ: ಅಪ್ಪ, ನಮ್ಮ ಹಿತ್ತಲ ಮನೆ ನೆನಪಿದೆಯಾ?

ದೊಡ್ಡಪ್ಪ: ಇದಕ್ಕೂ ಅದಕ್ಕೂ ಏನು ಸಂಬಂಧ?

ಸುಮಾ: ನಾನು ಏಳನೇ ಕ್ಲಾಸು. ಊರಿಗೆ ಹೊಸ ನರ್ಸಮ್ಮ ಬಂದರು. ಎಲ್ಲರಿಗೂ ಖುಷಿ. ಇನ್ನು ಸೂಜಿ ಹಾಕಿಸಲು ಕಡೂರಿಗೆ ಹೋಗಬೇಕಾಗಿಲ್ಲ ಅಂತ. ಅವರು ಬಾಡಿಗೆಗೆ ಮನೆ ಕೇಳಿಕೊಂಡು ನಮ್ಮ ಜಗಲಿಗೆ ಬಂದರು. ನೀವೇ ಕೂರಿಸಿ ಕಾಫಿ ಕೊಡಿಸಿದಿರಿ. ಯಾವ ಕಡೆಯವರಮ್ಮ ಅಂತ ಕೇಳಿದಿರಿ. ಅವರು ಮುಚ್ಚಿಡಲಿಲ್ಲ. ಹಿತ್ತಲ ಮನೆ ರಿಪೇರಿ ಇದೆ ಅಂದುಬಿಟ್ಟಿರಿ. ಊರಲ್ಲಿ ಬೇರೆ ಯಾರೂ ಕೊಡಲಿಲ್ಲ. ಎರಡು ವರ್ಷ ಕಡೂರಿನಿಂದ ಬಸ್ಸಿನಲ್ಲಿ ಓಡಾಡಿದರು. ನನ್ನ ಕಾಲಿಗೆ ಗಾಜು ಚುಚ್ಚಿದಾಗ ಬ್ಯಾಂಡೇಜ್ ಕಟ್ಟಿದವರು ಅವರೇ.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

(ಮೊದಲನೆಯದನ್ನು ಅಳಿಸುವ ಮುಂಚೆ ನಾನು ಓದಿಬಿಟ್ಟಿದ್ದೆ. ಇಲ್ಲಿ ಬರೆಯುವುದಿಲ್ಲ.)

ದೊಡ್ಡಪ್ಪ: ಮನೆಯ ವಿಷಯ ಗುಂಪಿನಲ್ಲಿ ಬೇಡ. ನಿಜವಾಗಿ ರಿಪೇರಿ ಇತ್ತು. ಹೆಂಚು ಸೋರುತ್ತಿತ್ತು.

ರುಕ್ಕು ಅತ್ತೆ: ಇಲ್ಲ ಅಣ್ಣ. ಸುಣ್ಣ ಬಳಿದು ತಿಂಗಳಾಗಿತ್ತು. ಬಾಣಂತನ ಮುಗಿಸಿ ನಾನು ಅಲ್ಲೇ ಮಲಗುತ್ತಿದ್ದೆ. ಒಂದು ಹನಿ ಸೋರಲಿಲ್ಲ.

ನಾನು: ಎಲ್ಲರೂ ಊಟ ಮಾಡಿದಿರಾ? ಒಂಬತ್ತೂವರೆ ಆಯಿತು.

(ಅಡ್ಮಿನ್ ಆಗಿ ನನ್ನಿಂದಾದದ್ದು ಇಷ್ಟೇ. ಯಾರೂ ಉತ್ತರ ಕೊಡಲಿಲ್ಲ.)

ನಿಖಿಲ: ಹಾಗಾದರೆ ಸುಮಕ್ಕ, ಆರು ಟ್ರೇ ಕೊಟ್ಟವರದ್ದೆಲ್ಲ ನಾಟಕವಾ? ನಾನು ತಮಾಷೆಗೆ ಡಾಕ್ಟರು ಅಂದೆ. ನೀನು ಊರನ್ನೇ ಕಟಕಟೆಗೆ ಹತ್ತಿಸಿದೆ.

ಸುಮಾ: ನಾಟಕ ಅಂತ ನಾನು ಎಲ್ಲೂ ಹೇಳಿಲ್ಲ. ಅಪ್ಪ ಆವತ್ತು ಕೊಡಿಸಿದ ಕಾಫಿಯೂ ನಾಟಕ ಅಲ್ಲ. ಒಳ್ಳೆ ಕಾಫಿಯೇ.

ಶುಭಾ: ನಾಟಕ ಅಲ್ಲ ಕಣೋ. ಮೊನ್ನೆ ಎಸಿ ಕೆಟ್ಟಿತು. ಇಲ್ಲಿ ಬೇಸಿಗೆ ಅಂದರೆ ಮಂಗಳೂರಿನ ಸೆಕೆ, ಮೇಲೆ ಸೊಳ್ಳೆ. ಅಜ್ಜಿಯ ಮಗ ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಬಂದು ಸರಿ ಮಾಡಿದ. ಹನ್ನೆರಡು ಆಯಿತು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ಅವರ ಟ್ರೇ ತುಂಬಿಸಿಯೇ ಕೊಡುತ್ತೇನೆ. ಆದರೆ ಶನಿವಾರ ಮೊದಲು ಪೂರ್ವದ ಕಡೆ ಹೋಗಿ ಬರುತ್ತೇನೆ. ದಾರಿಯನ್ನು ಪೈ ಕೊಟ್ಟವರನ್ನೇ ಕೇಳಿಕೊಂಡೆ.

ರುಕ್ಕು ಅತ್ತೆ: ಖಾಲಿ ಪಾತ್ರೆ ಮಾತ್ರ ಕೊಡಬೇಡ. ಮೈಸೂರು ಪಾಕ್ ಮಾಡು.

ಶುಭಾ: ನನ್ನ ಕೈಯಲ್ಲಿ ಅದು ಕಲ್ಲಾಗುತ್ತದೆ ಅತ್ತೆ. ಊರು ಬಿಡಿಸಿಬಿಡುತ್ತಾರೆ.

ಚಿಕ್ಕಪ್ಪ: ಕಡಲೆಕಾಯಿ ಉಂಡೆ. ಅಲ್ಲಿ ಕಾಯಿ ಚೆನ್ನಾಗಿ ಸಿಗುತ್ತದೆ.

ಶುಭಾ: ಬೇಡ ಅಪ್ಪ. ಮಕ್ಕಳಿರುವ ಮನೆಗಳು, ಕಡಲೆಕಾಯಿ ಅಲರ್ಜಿ ಇದ್ದರೆ ಕಷ್ಟ. ಮಕ್ಕಳ ಡಾಕ್ಟರೇ ತಂದು ಕೊಟ್ಟಳು ಅಂತ ಆಗುತ್ತದೆ. ಕೊಬ್ಬರಿ ಮಿಠಾಯಿ ಮಾಡೋಣ ಅಂತ. ದೊಡ್ಡಮ್ಮನ ಅಳತೆ ಯಾರಿಗಾದರೂ ಗೊತ್ತಾ?

ದೊಡ್ಡಮ್ಮ ಹೋಗಿ ನಾಲ್ಕು ವರ್ಷವಾಯಿತು. ಯಾರಿಗೂ ಗೊತ್ತಿರಲಿಲ್ಲ. ನಿಖಿಲ ಯೂಟ್ಯೂಬ್ ಕೊಂಡಿ ಹಾಕಿದ. ಅಲ್ಲಿಗೆ ರಾತ್ರಿ ಮುಗಿಯಿತು. ದೊಡ್ಡಪ್ಪನ ಸದ್ದಿರಲಿಲ್ಲ. ನೀಲಿ ಗೆರೆ ಮಾತ್ರ ಬಿದ್ದಿತ್ತು.

ಬೆಳಿಗ್ಗೆ 5.40ಕ್ಕೆ ಎಂದಿನಂತೆ ದಾಸವಾಳದ ಚಿತ್ರ ಬಂತು. ಶುಭೋದಯ. ಅದರ ಕೆಳಗೆ:

ದೊಡ್ಡಪ್ಪ: ಶುಭಾ, ಎರಡು ಲೋಟ ಕಾಯಿತುರಿಗೆ ಒಂದೂವರೆ ಲೋಟ ಸಕ್ಕರೆ. ನಿನ್ನ ದೊಡ್ಡಮ್ಮ ಕೊನೆಗೆ ಒಂದು ಚಮಚ ತುಪ್ಪ ಹಾಕುತ್ತಿದ್ದಳು. ತಳ ಬಿಡುವವರೆಗೆ ಕೈ ಬಿಡಬಾರದು.

ಶುಭಾ: ಇಲ್ಲಿ ಪೊಟ್ಟಣದ ಒಣ ತುರಿ ಸಿಗುತ್ತದೆ ದೊಡ್ಡಪ್ಪ. ನಡೆಯುತ್ತಾ?

ದೊಡ್ಡಪ್ಪ: ಹಾಲಿನಲ್ಲಿ ನೆನೆಸಿಕೋ.

ದೊಡ್ಡಪ್ಪ: ಸುಮಾ, ಆ ನರ್ಸಮ್ಮನ ಹೆಸರು ಏನಿತ್ತು?

ಸುಮಾ ಶಾಲೆಗೆ ಹೊರಡುವ ಹೊತ್ತು. ಟೈಪ್ ಮಾಡುತ್ತಿದ್ದಾಳೆ ಅಂತ ತೋರಿಸುತ್ತಿತ್ತು, ನಿಲ್ಲುತ್ತಿತ್ತು. ಎಂಟೂಕಾಲಿಗೆ ಉತ್ತರ ಬಂತು.

ಸುಮಾ: ಗೊತ್ತಿಲ್ಲ ಅಪ್ಪ. ನಾವೆಲ್ಲ ನರ್ಸಮ್ಮ ಅಂತಲೇ ಕರೆಯುತ್ತಿದ್ದೆವು.