ಬೀದಿಗೆ ಪಾರ್ವೊ ಬಂದಿದೆ, ಮನೆಯ ಮರಿಯನ್ನು ಹೇಗೆ ಕಾಪಾಡಲಿ?

ಕೇಳಿದವರು, ದಾವಣಗೆರೆ:
ನಮ್ಮ ಬೀದಿಯ ನಾಯಿಮರಿಗಳು ವಾಂತಿ, ರಕ್ತಭೇದಿಯಾಗಿ ಒಂದರ ಹಿಂದೊಂದು ಸತ್ತವು. ಡಾಕ್ಟರು ಇದು ಪಾರ್ವೊ, ನಾಯಿಗಳಿಗೆ ಹರಡುವ ವೈರಸ್ ಕಾಯಿಲೆ ಅಂದರು. ನಮ್ಮ ಮನೆಯಲ್ಲಿ ಎರಡು ತಿಂಗಳ ಮರಿ ಇದೆ, ಒಂದು ಇಂಜೆಕ್ಷನ್ ಆಗಿದೆ. ದಿನಾ ಫಿನಾಯಿಲ್ ಹಾಕಿ ಒರೆಸುತ್ತಿದ್ದೇವೆ. ಇಷ್ಟು ಸಾಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮೈಸೂರಿನಿಂದ:
ಒಂದು ಇಂಜೆಕ್ಷನ್ ಸಾಲದು. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವ ತನಕ ಅದು ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅದು ಯಾವ ವಾರ ಇಳಿಯುತ್ತದೆ ಅಂತ ಹೊರಗಿನಿಂದ ಗೊತ್ತಾಗಲ್ಲ, ಮರಿಯಿಂದ ಮರಿಗೆ ಬೇರೆ. ಅದಕ್ಕೇ 6-8 ವಾರಕ್ಕೆ ಶುರುಮಾಡಿ 2-4 ವಾರಕ್ಕೊಮ್ಮೆ ಹಾಕಿಸುತ್ತಾ ಹೋಗುವುದು. ಕೊನೆಯ ಡೋಸ್ ಮಾತ್ರ 16 ವಾರ ತುಂಬಿದ ಮೇಲೇ ಬೀಳಬೇಕು. ಎಷ್ಟೋ ಜನ ಅದಕ್ಕೆ ಮುಂಚೆಯೇ ಕೋರ್ಸ್ ಮುಗಿಯಿತು ಅಂತ ಕಾರ್ಡು ಎತ್ತಿಟ್ಟುಬಿಡುತ್ತಾರೆ. ನನಗೆ ತುಂಬಾ ಸಂಕಟವಾಗುವುದು ಇದನ್ನು ನೋಡಿದಾಗ. ನಿಮ್ಮ ಕಾರ್ಡಿನಲ್ಲಿ ಮುಂದಿನ ತಾರೀಖು ಬರೆದಿಲ್ಲದಿದ್ದರೆ ಇವತ್ತೇ ಫೋನ್ ಮಾಡಿ ಕೇಳಿ. ಆರು ತಿಂಗಳಿಂದ ಒಂದು ವರ್ಷದೊಳಗೆ ಬೂಸ್ಟರ್ ಇದೆ. ರೇಬೀಸ್ ಲಸಿಕೆ ಬೇರೆಯೇ, ಅದನ್ನೂ ಮರೆಯಬೇಡಿ.

ಹುಬ್ಬಳ್ಳಿಯಿಂದ:
ಫಿನಾಯಿಲ್‌ಗೆ ಈ ವೈರಸ್ ಜಗ್ಗಂಗಿಲ್ರಿ. ಸ್ಯಾನಿಟೈಸರ್‌ಗೂ ಇಲ್ಲ. ಬಟ್ಟಿಗೆ ಹಾಕೋ ಬ್ಲೀಚ್ ದ್ರಾವಣ ತರ್ರಿ, 30 ಪಾಲು ನೀರಿಗೆ 1 ಪಾಲು. ಮೊದಲ ಸಬಕಾರದ ನೀರಿನಾಗ ಹೊಲಸು ಪೂರ್ತಿ ತೊಳದು, ಆಮ್ಯಾಲ ಬ್ಲೀಚ್ ನೀರು ಹಾಕಿ 10 ನಿಮಿಷ ಹಂಗ ಬಿಡ್ರಿ. ಹೊಲಸಿನ ಮ್ಯಾಲ ಸುರುವಿದ್ರ ಅದರ ಕಸುವೆಲ್ಲಾ ಹೊಲಸಿಗೇ ಹೋಗ್ತದ. ಆ್ಯಸಿಡ್, ಫಿನಾಯಿಲ್ ಜೋಡಿ ಮಾತ್ರ ಕಲಸಬ್ಯಾಡ್ರಿ, ವಿಷದ ಗಾಳಿ ಏಳಬಹುದು. ನೆಲ ಒಣಗೂತನಕ ಮರಿ ಒಳಗ ಇರಲಿ.

ಮಣ್ಣಿನ ಅಂಗಳಕ್ಕ ಇದೂ ಅಷ್ಟು ಹತ್ತಂಗಿಲ್ಲ. ನೆರಳಿನ ಮಣ್ಣಾಗ ವೈರಸ್ ತಿಂಗಳಗಟ್ಟಲೆ, ಕೆಲವೊಮ್ಮೆ ವರ್ಷದ ತನಕ ಉಳೀತದ. ಅದಕ್ಕ ಮರೀನ ಅಲ್ಲಿ ಬಿಡಲೇಬ್ಯಾಡ್ರಿ. ಬೀದಿ ನಾಯಿ ಮನಿಯೊಳಗ ಬರಬೇಕಂತಿಲ್ಲ, ನಿಮ್ಮ ಚಪ್ಪಲಿಗೆ ಹತ್ತಿ ಬಂದ್ರೂ ಸಾಕು. ಚಪ್ಪಲಿ ಹೊರಗಿರಲಿ, ಕೈ ಸಬಕಾರ ಹಚ್ಚಿ ತೊಳೀರಿ. ಮನಷ್ಯಾರಿಗೆ ಇದು ಬರಂಗಿಲ್ಲ, ಮಕ್ಕಳ ಬಗ್ಗೆ ಅಂಜಬ್ಯಾಡ್ರಿ.

ಶಿವಮೊಗ್ಗದಿಂದ:
ನಮ್ಮ ಮರಿಗೆ ಬಂದು ಉಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ. ರಕ್ತ ಕಾಣಿಸುವ ತನಕ ಕಾಯಬೇಡಿ. ನಮ್ಮದು ಮೊದಲು ಊಟ ಬಿಟ್ಟು ಮೂಲೆ ಸೇರಿತು, ಆಮೇಲೆ ನೊರೆನೊರೆ ವಾಂತಿ. ಭೇದಿ ಶುರುವಾದದ್ದು ಕೊನೆಗೆ, ವಾಸನೆ ತಡೆಯಲಾಗುತ್ತಿರಲಿಲ್ಲ. ಸೋಂಕು ತಗುಲಿ ಸಾಮಾನ್ಯವಾಗಿ 3-7 ದಿನಕ್ಕೆ ಇವು ಕಾಣಿಸಿಕೊಳ್ಳುತ್ತವಂತೆ. ಡಾಕ್ಟರು ಮಲ ಪರೀಕ್ಷಿಸುವ ಕಿಟ್‌ನಲ್ಲಿ ಅಲ್ಲೇ ನೋಡಿ ಡ್ರಿಪ್ ಏರಿಸಿದರು. ವೈರಸ್ ಕರುಳಿನ ಒಳಪದರವನ್ನೂ ಬಿಳಿ ರಕ್ತಕಣಗಳನ್ನೂ ಹಾಳುಮಾಡುವುದರಿಂದ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತದೆ, ಆ್ಯಂಟಿಬಯೋಟಿಕ್ ಅದಕ್ಕೆ. ಬೇಗ ಚಿಕಿತ್ಸೆ ಸಿಕ್ಕ ಮರಿಗಳಲ್ಲಿ ಹೆಚ್ಚಿನವು ಬದುಕುತ್ತವೆ, ಏನೂ ಮಾಡದೆ ಬಿಟ್ಟರೆ ಹೆಚ್ಚಿನವು ಸಾಯುತ್ತವೆ.

ವಾಂತಿ ಮಾಡುತ್ತಿರುವ ಮರಿಯ ಬಾಯಿಗೆ ಮಜ್ಜಿಗೆ, ದಾಳಿಂಬೆ ಸಿಪ್ಪೆ ಕಷಾಯ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮನುಷ್ಯರ ಭೇದಿ ಮಾತ್ರೆಯಂತೂ ಬೇಡವೇ ಬೇಡ. ಗುಣವಾದ ಮೇಲೂ ಕೆಲವು ವಾರ ಮಲದಲ್ಲಿ ವೈರಸ್ ಹೋಗುತ್ತಿರಬಹುದು, ಬೇರೆ ನಾಯಿಗಳಿಂದ ದೂರ ಇಡಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಹಾಗಾದರೆ 16 ವಾರದ ತನಕ ಮರಿ ಹೊರಗೆ ಕಾಲೇ ಇಡಬಾರದಾ? ಜನರನ್ನು ಕಂಡರೆ ಹೆದರುವ ನಾಯಿಯಾಗಿಬಿಟ್ಟರೆ?

ಮೈಸೂರಿನಿಂದ:
ಎತ್ತಿಕೊಂಡು ಹೋಗಿ. ಗಾಡಿ ಸದ್ದು, ಮಕ್ಕಳು, ಸಂತೆ ಎಲ್ಲ ತೋಳಿನಿಂದಲೇ ನೋಡಲಿ. ಲಸಿಕೆ ಪೂರ್ತಿಯಾದ, ಆರೋಗ್ಯವಾಗಿರುವ ದೊಡ್ಡ ನಾಯಿ ಇರುವ ಮನೆಗೂ ಕರೆದೊಯ್ಯಬಹುದು. ಆಸ್ಪತ್ರೆಯಲ್ಲಿ ಮಾತ್ರ ನೆಲಕ್ಕೆ ಇಳಿಸಬೇಡಿ, ಕಾಯಿಲೆ ಮರಿಗಳೂ ಅಲ್ಲಿಗೇ ಬರುತ್ತವೆ. ಇನ್ನೊಂದು: ನಿಮ್ಮ ಬೀದಿಯ ಆ ತಾಯಿ ನಾಯಿಗೆ ಅಕ್ಕಪಕ್ಕದವರು ಸೇರಿ ದುಡ್ಡು ಹಾಕಿ ಲಸಿಕೆ ಕೊಡಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿ. ಇಲ್ಲದಿದ್ದರೆ ಮುಂದಿನ ಸೂಲಿನ ಮರಿಗಳು ಅದೇ ಮಣ್ಣಿನಲ್ಲೇ ಬೆಳೆಯಬೇಕಾಗುತ್ತದೆ.