ಲೂಸಿಯೊ ಕ್ಲಬ್ ಲಿಸ್ಟ್ ನೋಡಿ ತಲೆ ತಿರುಗ್ತಿದೆ, ಒಬ್ಬ ಡಿಫೆಂಡರ್ ಇಷ್ಟೊಂದು ಸುತ್ತೋದು ಯಾಕೆ?

ಮಿಡ್‌ಫೀಲ್ಡ್_ಮರಿ

ನಿನ್ನೆ ರಾತ್ರಿ ನಿದ್ದೆ ಬರ್ದೆ ಹಳೇ ಐಎಸ್‌ಎಲ್ (ನಮ್ಮ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಹೈಲೈಟ್ಸ್ ನೋಡ್ತಾ ಬಿದ್ಕೊಂಡಿದ್ದೆ, 2015ರ ಎಫ್‌ಸಿ ಗೋವಾ ಮ್ಯಾಚ್. ಹಿಂದ್ಗಡೆ ಒಬ್ಬ ಉದ್ದನೇ ಮನುಷ್ಯ ಕೈ ಬೀಸಿ ಬೀಸಿ ಎಲ್ರಿಗೂ ಬೈತಾ ಲೈನ್ ಸರಿ ಮಾಡ್ತಿದ್ದ, ಯಾರಪ್ಪ ಇದು ಎಲ್ಲೋ ನೋಡಿದ ಮುಖ ಅಂತ ಚೆಕ್ ಮಾಡಿದ್ರೆ ಲೂಸಿಯೊ! 2002ರಲ್ಲಿ ವರ್ಲ್ಡ್ ಕಪ್ ಗೆದ್ದ ಬ್ರೆಜಿಲ್ ಟೀಮಿನ ಅದೇ ಲೂಸಿಯೊ. ಗೋವಾಗೆ ಆಡೋವಾಗ ಅವನಿಗೆ 37.

ಅಲ್ಲಿಂದ ಅವನ ಕ್ಲಬ್ ಲಿಸ್ಟ್ ನೋಡೋಕೆ ಹೋದೆ, ಅದು ಮುಗಿಯೋದೇ ಇಲ್ಲ. ಗ್ವಾರಾ, ಇಂಟರ್‌ನ್ಯಾಸಿಯೊನಾಲ್, ಲೆವರ್ಕುಸೆನ್, ಬಯರ್ನ್, ಇಂಟರ್ ಮಿಲಾನ್, ಯುವೆಂಟಸ್, ಸಾವೊ ಪೌಲೊ, ಪಾಲ್ಮೇರಾಸ್, ಗೋವಾ, ಆಮೇಲೆ ಮತ್ತೆ ಬ್ರೆಜಿಲ್‌ಗೆ ವಾಪಸ್ ಹೋಗಿ ಗಾಮಾ, ಬ್ರೆಸಿಲಿಯೆನ್ಸ್. ಸ್ಟ್ರೈಕರ್ ಆಗಿದ್ರೆ ಸರಿ ಅನ್ಕೋಬೋದು, ಗೋಲ್ ಹೊಡೀತಾನೆ, ಯಾರಾದ್ರೂ ತಗೋತಾರೆ. ಆದ್ರೆ ಡಿಫೆಂಡರ್ ಅಂದ್ರೆ ಪಕ್ಕದಲ್ಲಿರೋನ ಜೊತೆ ವರ್ಷಗಟ್ಲೆ ಆಡಿ ಹೊಂದ್ಕೊಬೇಕು ಅಂತಾರಲ್ವಾ, ಮಾಲ್ಡೀನಿ ಮಿಲಾನ್‌ನಲ್ಲೇ 25 ಸೀಸನ್ ಕಳೆದ, ಪುಯೋಲ್ ಬಾರ್ಸಾ ಬಿಟ್ಟು ಕದಲಲೇ ಇಲ್ಲ. ಹಂಗಿದ್ರೆ ಇವ್ನು ಯಾಕೆ ಹಿಂಗೆ? ಜಗಳಗಂಟನಾ, ದುಡ್ಡಿಗಾ, ಇಲ್ಲ ನಾವು ಅನ್ಕೊಂಡಷ್ಟು ಒಳ್ಳೆ ಪ್ಲೇಯರ್ ಅಲ್ವೇ ಅಲ್ವಾ? ಗೊತ್ತಿರೋರು ಹೇಳಿ, ಬೈಬೇಡಿ.

ಆಫ್‌ಸೈಡ್_ಅಜ್ಜ

ಬೈಯಲ್ಲ ಮರಿ, ಆದ್ರೆ ಆ ಲಿಸ್ಟನ್ನ ನೀನು ಓದಿದ್ದೇ ತಪ್ಪು. ಒಂದೇ ಉಸಿರಲ್ಲಿ ಓದಿದ್ಯಾ, ಅದಕ್ಕೆ ಉದ್ದ ಕಾಣ್ತಿದೆ. 2012ಕ್ಕೆ ಒಂದು ಗೆರೆ ಎಳಿ. ಅದಕ್ಕೆ ಮುಂಚೆ ಇಂಟರ್‌ನ್ಯಾಸಿಯೊನಾಲ್‌ನಲ್ಲಿ ಹತ್ರಹತ್ರ ಮೂರು ವರ್ಷ, ಲೆವರ್ಕುಸೆನ್‌ನಲ್ಲಿ ಮೂರೂವರೆ, ಬಯರ್ನ್‌ನಲ್ಲಿ ಐದು, ಇಂಟರ್‌ನಲ್ಲಿ ಮೂರು. ಇದಕ್ಕೆ ಅಲೆದಾಟ ಅಂತ ಹೆಂಗಂತಾರೆ? ಒಂದೊಂದು ಕಡೆನೂ ಬೇರು ಬಿಟ್ಟು ಕಿತ್ಕೊಂಡು ಹೋದವ್ನು. ಆ ಗೆರೆ ಈಚೆಗಿರೋದು ಬೇರೆನೇ ಕತೆ, ಯಾರಾದ್ರೂ ಹೇಳ್ತಾರೆ, ನಂಗೆ ಮೊದಲ್ನೇ ಅರ್ಧ ಇಷ್ಟ.

ಶುರುವಾಗಿದ್ದೇ ಮಜಾ. 1997ರಲ್ಲಿ ಬ್ರೆಜಿಲ್ ಕಪ್‌ನಲ್ಲಿ ಗ್ವಾರಾ ಅನ್ನೋ ಪುಟ್ಟ ಟೀಮು ಇಂಟರ್‌ನ್ಯಾಸಿಯೊನಾಲ್ ಕೈಲಿ 7-0 ಸೋತಿತ್ತು. ಏಳು ಗೋಲ್ ತಿಂದ ಆ ಡಿಫೆನ್ಸ್‌ನಲ್ಲಿದ್ದ ಹುಡುಗನ್ನೇ ಗೆದ್ದ ಟೀಮ್‌ನೋರು ಕರ್ಕೊಂಡ್ಹೋದ್ರು! ಸ್ಕೋರ್‌ಬೋರ್ಡ್ ನೋಡಿ ಡಿಫೆಂಡರ್‌ನ ಅಳೀಬಾರ್ದು ಅನ್ನೋದು ಅಲ್ಲಿ ಯಾರಿಗೋ ಒಬ್ಬರಿಗೆ ಗೊತ್ತಿತ್ತು.

ಆಮೇಲೆ 2002. ಲೆವರ್ಕುಸೆನ್ ಆ ವರ್ಷ ಬುಂಡೆಸ್‌ಲೀಗಾ ಅನ್ನೋ ಜರ್ಮನ್ ಲೀಗನ್ನ ಒಂದೇ ಒಂದು ಪಾಯಿಂಟಲ್ಲಿ ಡಾರ್ಟ್‌ಮುಂಡ್‌ಗೆ ಬಿಟ್ಕೊಡ್ತು, ಜರ್ಮನ್ ಕಪ್ ಫೈನಲ್‌ನಲ್ಲಿ ಶಾಲ್ಕೆ ಹತ್ರ 4-2 ಸೋಲ್ತು, ಕೊನೆಗೆ ಗ್ಲಾಸ್ಗೋದಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ರಿಯಲ್ ಮ್ಯಾಡ್ರಿಡ್‌ಗೆ ರಾಉಲ್ ಗೋಲ್ ಹೊಡೆದ ಐದಾರು ನಿಮಿಷಕ್ಕೇ ಲೂಸಿಯೊ ಹೆಡ್ ಮಾಡಿ 1-1 ಮಾಡಿದ. ಎಲ್ರಿಗೂ ಆ ಮ್ಯಾಚ್ ಅಂದ್ರೆ ಜಿದಾನ್ ವಾಲಿ (ಬಾಲ್ ನೆಲ ಮುಟ್ಟೋಕೆ ಮುಂಚೆನೇ ಹೊಡೆದ ಗೋಲ್) ಅಷ್ಟೇ ನೆನಪು, ಇವನ ಗೋಲ್ ಯಾರಿಗೂ ನೆನಪಿಲ್ಲ ಪಾಪ. ಆ ವಾಲಿಗೆ ಬಾಲ್ ಎತ್ತಿ ಕೊಟ್ಟಿದ್ದು ಯಾರು? ರಾಬರ್ಟೊ ಕಾರ್ಲೋಸ್. ಒಂದೂವರೆ ತಿಂಗಳಿಗೆ ಯೊಕೊಹಾಮಾದಲ್ಲಿ ವರ್ಲ್ಡ್ ಕಪ್ ಫೈನಲ್, ಅದೇ ಕಾರ್ಲೋಸ್ ಇವನ ಟೀಮಲ್ಲಿ, ಎದುರಿಗೆ ಜರ್ಮನಿ ಶರ್ಟ್ ಹಾಕ್ಕೊಂಡು ನಿಂತೋರು ನೊಯ್‌ವಿಲ್, ಶ್ನೈಡರ್, ರಾಮೆಲೊ, ಅಂದ್ರೆ ದಿನಾ ಜೊತೆಗೆ ಪ್ರ್ಯಾಕ್ಟೀಸ್ ಮಾಡೋ ಲೆವರ್ಕುಸೆನ್ ಹುಡುಗ್ರು. ಇನ್ನೊಬ್ಬ ಲೆವರ್ಕುಸೆನ್ ಹುಡುಗ ಬಲ್ಲಾಕ್ ಸಸ್ಪೆನ್ಶನ್‌ನಲ್ಲಿ ಹೊರಗೆ ಕೂತಿದ್ದ. 2-0. ಮೂರು ಟ್ರೋಫಿ ದಡದಲ್ಲಿ ಮುಳುಗಿದವನಿಗೆ ನಾಲ್ಕನೇದು ಸಿಕ್ತು, ಆ ಲೆವರ್ಕುಸೆನ್ ಹುಡುಗ್ರಿಗೆ ಅದೂ ಇಲ್ಲ.

ಸ್ಟಾಪರ್_ಶೂ_ಸೈಜ್_11

ಅಜ್ಜ ಕತೆ ಹೇಳಿದ್ರು, ನಾನು ಪ್ರಶ್ನೆಯ ಆ ಹೊಂದ್ಕೊಳೋ ಭಾಗಕ್ಕೆ ಬರ್ತೀನಿ, ಯಾಕಂದ್ರೆ ನಾನು ಕಾಲೇಜ್ ಟೀಮಲ್ಲಿ ಮೂರು ವರ್ಷ ಸ್ಟಾಪರ್ (ಅಂದ್ರೆ ಸೆಂಟರ್ ಬ್ಯಾಕ್, ನಡುವಿನ ಡಿಫೆಂಡರ್) ಆಡಿದೀನಿ, ಮಟ್ಟ ಏನೂ ಕೇಳ್ಬೇಡಿ. ಎರಡು ವರ್ಷ ಪಕ್ಕದಲ್ಲಿ ಒಬ್ಬನೇ ಇದ್ದ. ಎದುರಿನವ್ನು ಬಾಲ್ ಹೊಡಿಯೋಕೆ ತಲೆ ತಗ್ಗಿಸಿದ ತಕ್ಷಣ ಇಬ್ರೂ ಮಾತಾಡ್ದೇ ಒಂದು ಹೆಜ್ಜೆ ಮುಂದೆ ಬರ್ತಿದ್ವಿ, ಸ್ಟ್ರೈಕರ್ ಆಫ್‌ಸೈಡ್. ಮೂರನೇ ವರ್ಷ ಹೊಸಬ ಬಂದ. ನಾನು ಮುಂದೆ ಬಂದೆ, ಅವ್ನು ಹಿಂದೆ ಓಡ್ದ, ಮಧ್ಯದಲ್ಲಿ ಲಾರಿ ಹೋಗೋಷ್ಟು ಜಾಗ. ಮೊದಲ ಮ್ಯಾಚ್‌ನಲ್ಲೇ ಅದೇ ತರ ಎರಡು ಗೋಲ್ ತಿಂದ್ವಿ, ಇಬ್ರೂ ಕೈ ಎತ್ಕೊಂಡು ರೆಫ್ರಿ ಮುಖ ನೋಡ್ತಾ ನಿಂತಿದ್ವಿ. ಅವ್ನು ತಪ್ಪು ಮಾಡಿರಲಿಲ್ಲ, ಅವನ ಹಳೇ ಕೋಚ್ ಹಂಗೇ ಕಲಿಸಿದ್ರು, ಅನುಮಾನ ಬಂದ್ರೆ ಹಿಂದಕ್ಕೆ ಬೀಳು ಅಂತ.

ಈಗ ಇದನ್ನ ಲೂಸಿಯೊಗೆ ಹಚ್ಚಿ ನೋಡಿ. ಅವನ ಆಟ ಅಂದ್ರೆ ಬಾಲ್ ಕಿತ್ಕೊಂಡ ಮೇಲೆ ಪಾಸ್ ಕೊಟ್ಟು ಸುಮ್ನಿರೋದಲ್ಲ, ತಾನೇ ಬಾಲ್ ಇಟ್ಕೊಂಡು ಗೂಳಿ ತರ ನುಗ್ತಿದ್ದ, ಮಿಡ್‌ಫೀಲ್ಡ್ ದಾಟಿ ಎದುರಿನ ಬಾಕ್ಸ್ ಹತ್ರ ಹೋಗಿ ನಿಲ್ತಿದ್ದ. ನೋಡೋಕೆ ಸಖತ್ ಆದ್ರೆ ಬಿಟ್ಟು ಬಂದ ಜಾಗ ಯಾರು ಕಾಯ್ಬೇಕು? ಇಂಟರ್‌ನಲ್ಲಿ ವಾಲ್ಟರ್ ಸ್ಯಾಮ್ಯುಯೆಲ್ ಇದ್ದ, ಅವ್ನು ಗೋಡೆ, ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಒಬ್ಬ ಓಡೋನು ಒಬ್ಬ ನಿಲ್ಲೋನು, ಮುಂದೆ ಮಿಡ್‌ಫೀಲ್ಡರ್ ಕಾಂಬಿಯಾಸೊ ಜಾಗ ಮುಚ್ಚೋಕೆ. ಹಂಗಾಗಿ ಆ ಮೂರು ವರ್ಷ ಚೆನ್ನಾಗಾಯ್ತು. ಡಿಫೆಂಡರ್ ಕ್ಲಬ್ ಬದಲಾಯಿಸಿದ್ರೆ ಕಾಲು ಅದೇ ಇರುತ್ತೆ, ಪಕ್ಕದವನು ಬದಲಾಗ್ತಾನೆ, ಅಲ್ಲೇ ಎಡವಟ್ಟಾಗೋದು.

ಮತ್ತೆ ಒಳ್ಳೆ ಪ್ಲೇಯರ್ ಅಲ್ವಾ ಅಂತ ಕೇಳಿದ್ದಕ್ಕೆ ಸ್ವಲ್ಪ ಬೇಜಾರಾಯ್ತು ಗುರು. 2006ರ ವರ್ಲ್ಡ್ ಕಪ್‌ನಲ್ಲಿ ಸತತ 386 ನಿಮಿಷ ಒಂದೂ ಫೌಲ್ ಮಾಡ್ದೇ ಆಡಿದ್ದಾನೆ, ವರ್ಲ್ಡ್ ಕಪ್ ರೆಕಾರ್ಡ್ ಅದು. ನಾಲ್ಕು ಮ್ಯಾಚ್ ಪೂರ್ತಿ ಮುಗಿದು ಐದನೇದರ ಒಳಕ್ಕೆ ಬಂದಿರುತ್ತೆ ಲೆಕ್ಕ. ಸೆಂಟರ್ ಬ್ಯಾಕ್! ನಾನು 386 ಸೆಕೆಂಡ್ ಇದ್ದಿಲ್ಲ ಹಂಗೆ.

ಮಿಡ್‌ಫೀಲ್ಡ್_ಮರಿ

ಹ್ಹಹ್ಹ ಸಾರಿ ಸಾರಿ. 386 ನಿಜಕ್ಕೂ ಗೊತ್ತಿರಲಿಲ್ಲ. ಆದ್ರೆ ಅಜ್ಜ ಹೇಳಿದ ಆ ಗೆರೆ ಈಚೆ ಏನಾಯ್ತು? ಬಯರ್ನ್‌ನಲ್ಲಿ ಐದು ವರ್ಷ ಚೆನ್ನಾಗಿದ್ದೋನು ಬಿಟ್ಟಿದ್ದ್ಯಾಕೆ, ಇಂಟರ್‌ನವ್ರು ಯುವೆಂಟಸ್‌ಗೆ ಮಾರಿದ್ದ್ಯಾಕೆ, ಅದೂ ಬದ್ಧ ವೈರಿಗಳಿಗೆ.

ಕಟೆನಾಚಿಯೊ_ಕಾಫಿ

ಮಾರ್ಲಿಲ್ಲ. 2012ರ ಜೂನ್ ಕೊನೆಗೆ ಇಂಟರ್ ಮತ್ತೆ ಇವ್ನು ಪರಸ್ಪರ ಒಪ್ಕೊಂಡು ಕಾಂಟ್ರಾಕ್ಟ್ ಮುರ್ಕೊಂಡ್ರು, ವಾರದೊಳಗೆ ಯುವೆಂಟಸ್ ಫ್ರೀಯಾಗಿ ತಗೊಳ್ತು. ಇದು ತುಂಬಾ ಜನ ಮರೆಯೋ ವಿಷಯ, 34 ವಯಸ್ಸಿನ ಡಿಫೆಂಡರ್‌ಗೆ ಟ್ರಾನ್ಸ್‌ಫರ್ ದುಡ್ಡು ಯಾರೂ ಕೊಡಲ್ಲ ಯಾಕಂದ್ರೆ ಮತ್ತೆ ಮಾರೋಕಾಗಲ್ಲ, ಹಂಗಾಗಿ ಕಾಂಟ್ರಾಕ್ಟ್‌ಗಳು ಒಂದು ವರ್ಷ ಎರಡು ವರ್ಷ ಅಷ್ಟೇ, ಮನಸ್ತಾಪ ಬಂದ್ರೆ ಆ ಕಡೆಗೂ ಈ ಕಡೆಗೂ ಕೈ ಕೊಡವಿ ಏಳೋದು ಸುಲಭ. ಲಿಸ್ಟ್ ಉದ್ದ ಆಗೋದು ಇಲ್ಲಿ.

ಬಯರ್ನ್ ವಿಷಯ ಸಿಂಪಲ್. 2009ರಲ್ಲಿ ವಾನ್ ಗಾಲ್ ಕೋಚಾಗಿ ಬಂದ, ಅವನ ಪ್ಲಾನ್‌ನಲ್ಲಿ ಲೂಸಿಯೊ ಇರಲಿಲ್ಲ. ಮೂರು ಲೀಗು ಮೂರು ಕಪ್ಪು ಗೆದ್ದುಕೊಟ್ಟವನಿಗೆ ಹಿಂಗೆ. ಅದೇ ಬೇಸಿಗೆಯಲ್ಲಿ ಬ್ರೆಜಿಲ್ ಕ್ಯಾಪ್ಟನ್ ಆಗಿ ಕಾನ್ಫೆಡರೇಶನ್ಸ್ ಕಪ್ ಫೈನಲ್‌ನಲ್ಲಿ ಅಮೆರಿಕ ವಿರುದ್ಧ 2-0 ಹಿಂದಿದ್ದ ಮ್ಯಾಚ್‌ನ 84ನೇ ನಿಮಿಷದ ಹೆಡರ್‌ನಲ್ಲಿ 3-2 ಮಾಡಿ ಗೆಲ್ಲಿಸಿ ಇಂಟರ್‌ಗೆ ಹೋದ. 2010ರ ಮೇ 22, ಮ್ಯಾಡ್ರಿಡ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್, ಇಂಟರ್ ವಿರುದ್ಧ ಅದೇ ವಾನ್ ಗಾಲ್‌ನ ಅದೇ ಬಯರ್ನ್. ಮಿಲೀಟೊ ಎರಡು ಗೋಲ್, ಬಯರ್ನ್‌ಗೆ ಸೊನ್ನೆ. ವಾನ್ ಗಾಲ್ ಮುಖ ಆ ಹೊತ್ತಿಗೆ ಹೆಂಗಿತ್ತೋ, ನಾನಂತೂ ಖುಷಿ ಪಟ್ಟೆ.

ಯುವೆಂಟಸ್ ಮಾತ್ರ ತಪ್ಪು ಹೆಜ್ಜೆ, ಇಬ್ಬರದ್ದೂ. ಅಲ್ಲಿನ ಕೋಚ್ ಕೋಂಟೆ ಆಗಲೇ ಬಾರ್ಜಾಲಿ, ಬೊನುಚಿ, ಕಿಯೆಲ್ಲೀನಿ ಮೂವರನ್ನ ಇಟ್ಕೊಂಡು ಹಿಂದಿನ ವರ್ಷ ಒಂದೂ ಮ್ಯಾಚ್ ಸೋಲ್ದೇ ಲೀಗ್ ಗೆದ್ದಿದ್ದ. ಆ ಮೂವರ ನಡುವೆ ಸೂಜಿ ತೂರಿಸೋಕೂ ಸಂದಿ ಇರಲಿಲ್ಲ, ಇವ್ನೆಲ್ಲಿ ತೂರ್ತಾನೆ. ಡಿಸೆಂಬರ್‌ಗೆ ಕಾಂಟ್ರಾಕ್ಟ್ ಮುಗಿಸಿ ಸಾವೊ ಪೌಲೊ. ಅಲ್ಲಿ 2013ರ ಲಿಬರ್ಟಡೋರಸ್‌ನಲ್ಲಿ (ದಕ್ಷಿಣ ಅಮೆರಿಕದ ಕ್ಲಬ್ ಟೂರ್ನಿ) ಅಟ್ಲೆಟಿಕೊ ಮಿನೇರೊ ವಿರುದ್ಧ ಟೀಮು 1-0 ಮುಂದಿದ್ದಾಗ ರೆಡ್ ಕಾರ್ಡ್ ತಿಂದ, ಹತ್ತು ಜನ ಉಳಿದ್ರು, 2-1 ಸೋತ್ರು. ಎದುರಿಗೆ ಗೋಲ್ ಹೊಡೆದೋರಲ್ಲಿ ಒಬ್ಬ ರೊನಾಲ್ಡಿನ್ಯೊ, 2002ರ ದೋಸ್ತು! ಕೆಲವೇ ತಿಂಗಳಲ್ಲಿ ಕೋಚ್ ಇವನನ್ನ ಸ್ಕ್ವಾಡ್‌ನಿಂದ ಹೊರಗಿಟ್ಟ. ಜಗಳಗಂಟನಾ ಅಂದ್ಯಲ್ಲ, ಅಲ್ಲಿ ಸ್ವಲ್ಪ ಇರ್ಬೋದು ಅಂತ ನನ್ನ ಅನಿಸಿಕೆ, ಇಷ್ಟು ಗೆದ್ದು ಬಂದವನಿಗೆ ಬೆಂಚು ಚುಚ್ಚುತ್ತೆ. 2014ರಲ್ಲಿ ಪಾಲ್ಮೇರಾಸ್, ಆ ಕ್ಲಬ್‌ನ ನೂರನೇ ವರ್ಷ, ಹಬ್ಬ ಮಾಡ್ಬೇಕಾದ ಟೈಮಲ್ಲಿ ರೆಲಿಗೇಶನ್‌ನಿಂದ, ಅಂದ್ರೆ ಕೆಳಗಿನ ದರ್ಜೆಗೆ ಇಳಿಯೋದ್ರಿಂದ ಕೂದಲೆಳೆಯಲ್ಲಿ ಬಚಾವಾದ್ರು.

ಗಡಿಬಿಡಿ_ಗೋಲಿ

ಅಲ್ರೀ ಇದಕ್ಕ ಅಲೆದಾಟ ಅಂತೀರಿ, ತಾರಿಬೊ ವೆಸ್ಟ್‌ನ ಹೆಸರು ಯಾರೂ ತಗೀಲೇ ಇಲ್ಲಲ್ರೀ! ನೈಜೀರಿಯಾದಂವ, ತಲಿಮ್ಯಾಲ ಹಸಿರ ಜಡಿ ಹಾಕ್ಕೊಂಡು ಆಡ್ತಿದ್ದ ನೋಡ್ರಿ. 1996ರಾಗ ಫ್ರಾನ್ಸಿನ ಒಸೇರ್ ಕೂಡ ಲೀಗೂ ಕಪ್ಪೂ ಎರಡೂ ಗೆದ್ದ, ಅದ ವರ್ಷ ಅಟ್ಲಾಂಟಾ ಒಲಿಂಪಿಕ್ಸ್ ಬಂಗಾರ. ಆಮ್ಯಾಲ ಇಂಟರ್, ಎಸಿ ಮಿಲಾನ್, ಇಂಗ್ಲೆಂಡಿನ ಡರ್ಬಿ ಕೌಂಟಿ, ಜರ್ಮನಿಯ ಕೈಸರ್ಸ್‌ಲಾಟರ್ನ್, ಸರ್ಬಿಯಾದ ಪಾರ್ಟಿಜಾನ್, ಕತಾರಿನ ಅಲ್ ಅರಬಿ, ಮತ್ತ ಇಂಗ್ಲೆಂಡಿಗೆ ಬಂದು ಪ್ಲೈಮೌತ್, ಕಡೀಕ ಇರಾನಿನ ಪಾಯ್ಕಾನ್. ಇಷ್ಟೂ ಮುಗಿಸಿ ಪಾದ್ರಿ ಆಗ್ಯಾನ. ಅಟ್ಲಾಸ್ ಬಿಚ್ಚಿ ಕೂಡ್ಬೇಕಾಕ್ಕೈತಿ.

ಇನ್ನೊಬ್ಬಂವ ಸ್ಟೀವ್ ಫಿನ್ನನ್, ಐರ್ಲೆಂಡಿನ ರೈಟ್ ಬ್ಯಾಕ್. ಅಂವ ದೇಶ ಸುತ್ತಿಲ್ಲ, ಮೆಟ್ಲ ಹತ್ಯಾನ. ಇಂಗ್ಲೆಂಡಿನ ಐದನೇ ದರ್ಜೆಯ ವೆಲ್ಲಿಂಗ್‌ನಿಂದ ಸುರು ಮಾಡಿ ಒಂದೂ ದರ್ಜೆ ಬಿಡದಂಗ ಮ್ಯಾಲ ಬಂದು 2005ರಾಗ ಲಿವರ್‌ಪೂಲ್ ಕೂಡ ಇಸ್ತಾಂಬುಲ್‌ನ ಚಾಂಪಿಯನ್ಸ್ ಲೀಗ್ ಫೈನಲ್ ಆಡ್ಯಾನ. ನನಗ ಲೂಸಿಯೊಗಿಂತ ಅಂವನ ದೊಡ್ಡಂವ ಅನಸ್ತಾನ, ನೀವು ಏನರ ಅನ್ರಿ.

ಆಫ್‌ಸೈಡ್_ಅಜ್ಜ

ಫಿನ್ನನ್ ದೊಡ್ಡವನು ಅನ್ನೋದನ್ನ ಒಪ್ಪಲ್ಲ, ಆದ್ರೆ ನೆನಪಿಸಿದ್ದಕ್ಕೆ ಥ್ಯಾಂಕ್ಸ್ ಗೋಲಿ.

ಮರಿ ನೋಡಿದ ಆ 2015ರ ಗೋವಾಗೆ ಬರೋಣ, ಎಲ್ರೂ ಅದನ್ನ ಪೆನ್ಶನ್ ಪ್ರವಾಸ ಅಂತಾರೆ, ನಾನೂ ಆಗ ಹಂಗೇ ಅಂದಿದ್ದೆ. ದುಡ್ಡು ಇತ್ತು ಸರಿ, ಸೀಸನ್ನೂ ಅಕ್ಟೋಬರ್‌ನಿಂದ ಡಿಸೆಂಬರ್ ಅಷ್ಟೇ. ಆದ್ರೆ ಯಾರ್ಯಾರಿದ್ರು ನೋಡಿ. ಗೋವಾ ಕೋಚ್ ಬ್ರೆಜಿಲ್‌ನ ಹಳೇ ಸ್ಟಾರ್ ಜೀಕೊ. ಲೀಗ್‌ನಲ್ಲಿ ಮೊದಲ ಸ್ಥಾನ. ಸೆಮಿಫೈನಲ್‌ನಲ್ಲಿ ಎದುರಾಗಿದ್ದು ಡೆಲ್ಲಿ ಡೈನಮೋಸ್, ಅದರ ಕೋಚು ಕಮ್ ಪ್ಲೇಯರ್ ಯಾರು, ರಾಬರ್ಟೊ ಕಾರ್ಲೋಸ್! ಗ್ಲಾಸ್ಗೋದಲ್ಲಿ ಎದುರಾಳಿ, ಯೊಕೊಹಾಮಾದಲ್ಲಿ ಜೊತೆಗಾರ, ಹದಿಮೂರು ವರ್ಷ ಆದ್ಮೇಲೆ ಮತ್ತೆ ಎದುರಾಳಿ. ಡೆಲ್ಲಿಲಿ 1-0 ಸೋತು ಗೋವಾದಲ್ಲಿ 3-0 ಗೆದ್ರು. ಫೈನಲ್‌ನಲ್ಲಿ ಚೆನ್ನೈಯಿನ್, ಕೋಚ್ ಮಾರ್ಕೊ ಮಟೆರಾಜಿ, ಇಂಟರ್‌ನಲ್ಲಿ ಇವನ ಜೊತೆ ಅದೇ 2010ರ ಫೈನಲ್‌ನಲ್ಲಿ ಕೊನೇ ಗಳಿಗೆಲಿ ಮಿಲೀಟೊ ಬದಲು ಇಳಿದಿದ್ದ ಇನ್ನೊಬ್ಬ ಸೆಂಟರ್ ಬ್ಯಾಕ್. ಮಟೆರಾಜಿಯಂತೂ ಮಾರ್ಸಾಲಾ, ಟ್ರಾಪಾನಿ, ಕಾರ್ಪಿ, ಪೆರುಜಿಯಾ, ಎವರ್ಟನ್ ಎಲ್ಲಾ ಸುತ್ತಿ ಇಂಟರ್‌ಗೆ ಬಂದವನು.

ಗೋವಾದ ಫಟೋರ್ಡಾ ಸ್ಟೇಡಿಯಂನಲ್ಲಿ ನಡೆದ ಆ ಫೈನಲ್‌ನಲ್ಲಿ ಗೋವಾ 87ನೇ ನಿಮಿಷಕ್ಕೆ 2-1 ಮುಂದೆ ಹೋಯ್ತು, ಜನ ಎದ್ದು ಕುಣೀತಿದ್ರು. ತೊಂಬತ್ತಕ್ಕೆ ಬಾಲ್ ಗೋವಾ ಕೀಪರ್ ಕಟ್ಟಿಮನಿ ಕೈ ತಾಗಿ ಅವರದ್ದೇ ಗೋಲಿಗೆ ಹೋಯ್ತು, ಇನ್ನೇನು ಎಕ್ಸ್‌ಟ್ರಾ ಟೈಮ್ ಅನ್ನೋವಾಗ ಚೆನ್ನೈಯಿನ್‌ನ ಮೆಂಡೋಜಾ ಹೊಡೆದ. 3-2.

ಗಡಿಬಿಡಿ_ಗೋಲಿ

ಕಟ್ಟಿಮನಿ ಅಂದ್ಕೂಡ್ಲೆ ನನ್ನ ಎದಿ ಝಲ್ ಅಂತೈತ್ರೀ ಇನ್ನೂ. ಹೆಸರು ಕೇಳಿದ್ರ ನಮ್ಮ ಮಂದಿನ ಅನಸ್ತಾನ, ಪಾಪ ಆ ದಿನ ಅಂವನ ಮಾರಿ ನೋಡಾಕ ಆಗ್ಲಿಲ್ಲ. ನಾನೂ ಗೋಲಿ ನಿಲ್ತೀನಿ, ನನಗ ಗೊತ್ತೈತಿ ಅದು.

ಸ್ಟಾಪರ್_ಶೂ_ಸೈಜ್_11

ತಪ್ಪು ಅಂದ ಮೇಲೆ ನೆನಪಾಯ್ತು. ಮರಿ, ನೀನು 2002ರ ಕ್ವಾರ್ಟರ್ ಫೈನಲ್ ನೋಡು, ಇಂಗ್ಲೆಂಡ್ ಮ್ಯಾಚ್, 23ನೇ ನಿಮಿಷ. ಹೆಸ್ಕಿ ಕಳ್ಸಿದ ಬಾಲ್, ಲೂಸಿಯೊ ಆರಾಮಾಗಿ ತೊಡೆಲಿ ತಡೀಬೇಕು, ಯಾರ ಒತ್ತಡಾನೂ ಇಲ್ಲ, ಅದು ಚಿಮ್ಮಿ ನೇರ ಇಂಗ್ಲೆಂಡ್ ಸ್ಟ್ರೈಕರ್ ಓವನ್ ಮುಂದೆ ಬಿತ್ತು, ಅವ್ನು ಕೀಪರ್ ತಲೆ ಮೇಲಿಂದ ಎತ್ತಿ ಹಾಕ್ದ. ರಿವಾಲ್ಡೊ, ರೊನಾಲ್ಡಿನ್ಯೊ ಸೇರಿ 2-1 ಮಾಡ್ಲಿಲ್ಲ ಅಂದಿದ್ರೆ ಇವತ್ತು ಆ ತೊಡೆ ಹೆಸರು ಹೇಳಿ ಬ್ರೆಜಿಲ್‌ನಲ್ಲಿ ಬೈತಿದ್ರು. ಆಮೇಲೆ ಆ ಮ್ಯಾಚ್‌ನ ಉಳಿದ ಒಂದು ಗಂಟೆ ಅವನೊಬ್ಬನ್ನೇ ನೋಡು, ಹೆದರಿ ಬಾಲ್ ದೂರಕ್ಕೆ ಒದ್ದು ಕೈ ತೊಳ್ಕೊಂಡ್ನಾ ಇಲ್ವಾ ಅಂತ. ಬಂದು ಹೇಳು.

ಮಿಡ್‌ಫೀಲ್ಡ್_ಮರಿ

ನೋಡ್ತಾ ಇದ್ದೀನಿ, ಈಗ ಹಾಫ್ ಟೈಮ್ ಆದ್ಮೇಲಿನದ್ದು ಓಡ್ತಿದೆ. ಇಲ್ಲ ಮಾರಾಯ, ಮತ್ತೆ ಬಾಲ್ ಹಿಡ್ಕೊಂಡು ಮುಂದಕ್ಕೇ ಹೊರಟಿದ್ದಾನೆ 😂 ಯಾರ ಹತ್ರಾದ್ರೂ 2009ರ ಅಮೆರಿಕ ಫೈನಲ್ ಪೂರ್ತಿ ಮ್ಯಾಚ್ ಇದ್ರೆ ಹಾಕಿ, ಇವತ್ತೂ ನಿದ್ದೆ ಬರೋ ಹಂಗೆ ಕಾಣಲ್ಲ.