ಮೊನಾರ್ಕ್ ಚಿಟ್ಟೆಯ ‘ಕ್ರಿಸಲಿಸ್’ಗೆ ಮಕ್ಕಳ ಬಾಯಿಗೆ ಒಗ್ಗುವ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಟೆಕ್ಸಾಸ್‌ನಲ್ಲಿ ನಮ್ಮ ಭಾನುವಾರದ ಕನ್ನಡ ತರಗತಿಗೆ ಆರೇಳು ವರ್ಷದ ಮಕ್ಕಳು ಬರುತ್ತಾರೆ. ಅವರಿಗೆ ಮೊನಾರ್ಕ್ ಚಿಟ್ಟೆಯನ್ನು ಕನ್ನಡದಲ್ಲೇ ಪರಿಚಯಿಸಲು ಹೊರಟೆ. ಮೆಕ್ಸಿಕೋದ ಬೆಟ್ಟದ ಕಾಡಿನಲ್ಲಿ ಚಳಿಗಾಲ ಕಳೆದ ಈ ಚಿಟ್ಟೆಗಳು ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದು ಮೊಟ್ಟೆ ಇಡುತ್ತವೆ. ಹಾಗಾಗಿ ಹುಳು ಸುಲಭವಾಗಿ ಸಿಕ್ಕಿತು. ಪದಗಳೇ ಸಿಗಲಿಲ್ಲ, ಅದರಲ್ಲೂ ‘ಕ್ರಿಸಲಿಸ್’ಗೆ, ಅಂದರೆ ಹುಳು ಚಿಟ್ಟೆಯಾಗುವ ಮುಂಚೆ ನೇತಾಡಿಕೊಂಡಿರುವ ಹಂತಕ್ಕೆ.

ಮೊದಲು ‘ಕಂಬಳಿಹುಳು’ ಎಂದೆ. “ಕಂಬಳಿ ಎಲ್ಲಿ?” ಎಂದು ಒಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ ಅಲ್ವಾ? ಇದರ ಮೈ ನುಣ್ಣಗಿದೆ, ಹಳದಿ, ಕಪ್ಪು, ಬಿಳಿ ಪಟ್ಟೆ ಬೇರೆ. ನನ್ನ ತಲೆಯಲ್ಲಿ ಇದ್ದದ್ದು ಊರಿನ ನುಗ್ಗೆಮರದ ಹುಳು. ‘ಡಿಂಭ’ (ಲಾರ್ವಾ) ಎನ್ನಲು ನನಗೇ ಮನಸ್ಸಾಗಲಿಲ್ಲ. ಸದ್ಯಕ್ಕೆ ‘ಮರಿಹುಳು’ ನಡೆಯುತ್ತಿದೆ.

ಅದು ತಿನ್ನುವ ಮಿಲ್ಕ್‌ವೀಡ್‌ಗೆ ಪದ ತಾನಾಗಿ ಬಂತು. ಊರಿಂದ ಬಂದಿದ್ದ ಒಬ್ಬ ಹುಡುಗನ ಅಜ್ಜಿ ಎಲೆ ಮುರಿದು, ಹಾಲು ನೋಡಿ, “ಇದು ಎಕ್ಕದ ನೆಂಟ” ಎಂದರು. ನಿಜವಾಗಿಯೂ ಎರಡೂ ಒಂದೇ ಕುಟುಂಬದ ಗಿಡಗಳು. ನಮ್ಮ ಎಕ್ಕದ ಮೇಲೆ ಮೊಟ್ಟೆ ಇಡುವ ಪ್ಲೇನ್ ಟೈಗರ್ ಚಿಟ್ಟೆಯೂ ಮೊನಾರ್ಕ್‌ನ ದಾಯಾದಿಯೇ.

ಸಿಕ್ಕಿಬಿದ್ದದ್ದು ಕ್ರಿಸಲಿಸ್‌ನಲ್ಲಿ. ಪಠ್ಯಪುಸ್ತಕದ ‘ಕೋಶ’ ಮಕ್ಕಳಿಗೆ ಏನೂ ಹೇಳುವುದಿಲ್ಲ. ‘ಗೂಡು’ ಎನ್ನೋಣವೆಂದರೆ ಅದು ರೇಷ್ಮೆಗೆ ಸರಿ. ಅಲ್ಲಿ ಹುಳು ಸುತ್ತಲೂ ನೂಲು ಸುತ್ತಿಕೊಳ್ಳುತ್ತದೆ. ಮೊನಾರ್ಕ್ ಹಾಗೆ ಮಾಡುವುದಿಲ್ಲ. ಚೂರು ನೂಲು ಅಂಟಿಸಿ, ಅದಕ್ಕೆ ತಲೆಕೆಳಗಾಗಿ ನೇತುಬಿದ್ದು, ಕೊನೆಯ ಸಲ ಪೊರೆ ಕಳಚುತ್ತದೆ. ಆಮೇಲೆ ಕಾಣುವ ಹಸಿರು ಚೀಲದಂಥದ್ದು ಹುಳುವಿನ ಮೈಯೇ, ಮನೆಯಲ್ಲ. ರೇಷ್ಮೆ ಗೂಡಿನ ಒಳಗೂ ಇಂಥದ್ದೇ ಇರುತ್ತದಲ್ಲ, ನನಗೆ ಬೇಕಿರುವುದು ಅದರ ಹೆಸರು.

ಅದಕ್ಕೇ ರಾಮನಗರ, ಶಿಡ್ಲಘಟ್ಟದ ಕಡೆಯವರನ್ನು ಕೇಳುತ್ತಿದ್ದೇನೆ. ರೇಷ್ಮೆ ಸಾಕುವವರು ಹುಳು ಪೊರೆ ಬಿಡುವುದನ್ನು ‘ಜ್ವರ’ ಎನ್ನುತ್ತಾರೆ, ಗೂಡು ಕಟ್ಟಲು ತಯಾರಾದದ್ದನ್ನು ‘ಹಣ್ಣಾದ ಹುಳು’ ಎನ್ನುತ್ತಾರೆ. ಮೊನಾರ್ಕ್‌ಗೂ ಹಣ್ಣಾಗುವ ಮುಂಚೆ ನಾಲ್ಕು ಜ್ವರ, ಲೆಕ್ಕ ಸರಿಹೋಯಿತು. (ಮಕ್ಕಳು ಈಗ ಹುಳುವಿಗೆ ಔಷಧಿ ಕೇಳುತ್ತಿದ್ದಾರೆ.) ಹಾಗಿದ್ದರೆ ಗೂಡಿನ ಒಳಗಿನದನ್ನು ನಿಮ್ಮ ಮನೆಗಳಲ್ಲಿ ಏನೆನ್ನುತ್ತಾರೆ? ಚಿಟ್ಟೆಯನ್ನು ‘ಪಾತರಗಿತ್ತಿ’ ಎನ್ನುವ ಉತ್ತರ ಕರ್ನಾಟಕದ ಕಡೆ ಏನಾದರೂ ಪದ ಇದೆಯೇ?

ನಾನೇ ಕಟ್ಟಿದ್ದು ‘ಚಿಟ್ಟೆಮೊಗ್ಗು’. ಹಸಿರು ಬಣ್ಣ, ಮೇಲೆ ಚಿನ್ನದ ಚುಕ್ಕಿ, 10–14 ದಿನಕ್ಕೆ ಬಿರಿಯುತ್ತದೆ. ಹಿಂದಿನ ದಿನ ಒಳಗಿನ ಕಿತ್ತಳೆ ರೆಕ್ಕೆ ಹೊರಗೇ ಕಾಣುತ್ತದೆ, ಥೇಟ್ ಮೊಗ್ಗಿನ ತುದಿಯ ಹಾಗೆ. ಆದರೆ ಮಕ್ಕಳು ಇದನ್ನು ಗಿಡದ್ದೇ ಭಾಗ ಎಂದುಕೊಂಡರೆ ಎಂಬ ಅಳುಕು ಇದೆ.

ಬೇಗ ತಿಳಿಸಿದರೆ ಉಪಕಾರ. ತರಗತಿಯಲ್ಲಿ ಮೂರು ನೇತಾಡುತ್ತಿವೆ, ಒಂದು ಆಗಲೇ ಕಪ್ಪಾಗುತ್ತಿದೆ, ಅಂದರೆ ಬಿರಿಯುವ ಹೊತ್ತಾಯಿತು.